ಮೊದಲು ಯಾವುದು, ಆಮೇಲೆ ಯಾವುದು: ಫಂಕ್ಷನ್‌ಗಳನ್ನು ಜೋಡಿಸುವ ಲೆಕ್ಕ

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೋ ಬಾಡಿಗೆ ಹೀಗಿದೆ. ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ರಾತ್ರಿ 10ರಿಂದ ಬೆಳಗಿನ ಜಾವ 5ರವರೆಗೆ ಒಂದೂವರೆ ಪಟ್ಟು. ಮೀಟರ್ ಹಾಕಿದರೆ ಮಾತ್ರ ಈ ಲೆಕ್ಕ. ಹಾಕದಿದ್ದರೆ ಅದು ಗಣಿತದ ವಿಷಯವೇ ಅಲ್ಲ, ಬಾಯಿಬಲದ ವಿಷಯ.

ಈ ಪುಟ್ಟ ನಿಯಮದೊಳಗೆ ಪಿಯುಸಿಯ ಒಂದು ಪಾಠವೇ ಕೂತಿದೆ. ಫಂಕ್ಷನ್‌ಗಳನ್ನು ಕೂಡಿಸುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಪ್ರಥಮ ಪಿಯುಸಿಯಲ್ಲಿ ಬರುತ್ತದೆ. ಒಂದರ ಹಿಂದೆ ಒಂದನ್ನು ಪೋಣಿಸುವುದು, ಅಂದರೆ ಕಾಂಪೋಸಿಷನ್, ದ್ವಿತೀಯ ಪಿಯುಸಿಯಲ್ಲಿ. ಮೊದಲನೆಯದು ಸಲೀಸು. ಎರಡನೆಯದರಲ್ಲೇ ಹೆಚ್ಚಿನವರು ಎಡವುವುದು.

ಫಂಕ್ಷನ್ ಅಂದರೆ ಒಂದು ನಿಯಮ. ಒಂದು ಸಂಖ್ಯೆ ಕೊಟ್ಟರೆ ಒಂದು ಸಂಖ್ಯೆ ವಾಪಸ್ ಕೊಡಬೇಕು, ಅದೂ ಒಂದನ್ನೇ. 5 ಕಿಲೋಮೀಟರ್ ಅಂದರೆ ಹಗಲಲ್ಲಿ 90 ರೂಪಾಯಿ, ಇವತ್ತೂ ಅಷ್ಟೇ, ನಾಳೆಯೂ ಅಷ್ಟೇ. ಒಂದೇ ದೂರಕ್ಕೆ ಎರಡು ಬಾಡಿಗೆ ಬಂದರೆ ಅದು ಫಂಕ್ಷನ್ ಅಲ್ಲ, ಜಗಳ. ಕೊಡಬಹುದಾದ ಸಂಖ್ಯೆಗಳ ಗುಂಪಿಗೆ ಡೊಮೈನ್ ಅನ್ನುತ್ತಾರೆ. ಬಾಡಿಗೆಯ ಲೆಕ್ಕದಲ್ಲಿ ದೂರ ಮೈನಸ್ ಮೂರು ಕಿಲೋಮೀಟರ್ ಅಂತ ಇರುವುದಿಲ್ಲ, ಅಲ್ವಾ? ಆ ಕಟ್ಟುಪಾಡೇ ಡೊಮೈನ್.

ಪಠ್ಯಪುಸ್ತಕದಲ್ಲಿ ಎಫ್, ಜಿ, ಎಕ್ಸ್ ಅಂತ ಇಂಗ್ಲಿಷ್ ಅಕ್ಷರ ಬಳಸುತ್ತಾರೆ. ನಾನಿಲ್ಲಿ ಫಂಕ್ಷನ್‌ಗಳಿಗೆ ಫ, ಗ ಅಂತಲೂ, ಒಳಗೆ ಹಾಕುವ ಸಂಖ್ಯೆಗೆ ಯ ಅಂತಲೂ ಬರೆಯುತ್ತೇನೆ. ಇದೇನೂ ಹೊಸ ಸಾಹಸ ಅಲ್ಲ. 12ನೇ ಶತಮಾನದ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗೆ ‘ಯಾವತ್ತಾವತ್’ ಅಂದು, ಚಿಕ್ಕದಾಗಿ ‘ಯಾ’ ಅಂತಲೇ ಬರೆಯುತ್ತಿದ್ದರು. ಇನ್ನೂ ಸಂಖ್ಯೆಗಳು ಬೇಕಾದರೆ ಕಾಲಕ, ನೀಲಕ ಅಂತ ಬಣ್ಣದ ಹೆಸರುಗಳು. ಚಿಕ್ಕದಾಗಿ ಕಾ, ನೀ. ಈಗ ಎಲ್ಲರೂ ಬಳಸುವ ‘ಹೆಸರು, ಪಕ್ಕದಲ್ಲಿ ಬ್ರಾಕೆಟ್’ ಅನ್ನುವ ರೂಪವನ್ನು 1730ರ ದಶಕದಲ್ಲಿ ಬಳಕೆಗೆ ತಂದದ್ದು ಸ್ವಿಟ್ಜರ್ಲೆಂಡಿನ ಲಿಯೊನಾರ್ಡ್ ಆಯ್ಲರ್.

ಅಕ್ಕಪಕ್ಕ ಇಟ್ಟು ಕೂಡಿಸುವುದು

ಸುಲಭದ್ದನ್ನು ಬೇಗ ಮುಗಿಸೋಣ. ಮನೆಯಲ್ಲಿ ಹೋಳಿಗೆ ಮಾಡಿ ಮಾರುವವರೊಬ್ಬರ ಲೆಕ್ಕ ಅಂದುಕೊಳ್ಳಿ. ಒಲೆ, ಗ್ಯಾಸ್, ಸಹಾಯಕ್ಕೆ ಬರುವವರ ಕೂಲಿ ಎಲ್ಲ ಸೇರಿ ದಿನಕ್ಕೆ 600 ರೂಪಾಯಿ ಹೇಗಿದ್ದರೂ ಖರ್ಚು. ಅದರ ಮೇಲೆ ಒಂದು ಹೋಳಿಗೆಗೆ ಬೇಳೆ, ಬೆಲ್ಲ, ಎಣ್ಣೆ ಅಂತ 12 ರೂಪಾಯಿ. ಮಾರುವ ಬೆಲೆ 20. ಯ ಹೋಳಿಗೆ ಮಾಡಿ ಮಾರಿದರೆ:

ಖರ್ಚು: ಖ(ಯ) = 600 + 12ಯ
ವರಮಾನ: ವ(ಯ) = 20ಯ

ಲಾಭ ಅಂದರೆ ವರಮಾನದಲ್ಲಿ ಖರ್ಚು ಕಳೆದದ್ದು. ಎರಡು ಫಂಕ್ಷನ್ ಸೇರಿ ಮೂರನೆಯ ಫಂಕ್ಷನ್ ಆಯಿತು:

(ವ − ಖ)(ಯ) = 20ಯ − (600 + 12ಯ) = 8ಯ − 600

ಇಲ್ಲಿ ಕಣ್ಣಿಡಬೇಕಾದ್ದು ಆ ಬ್ರಾಕೆಟ್. ಅದನ್ನು ಬಿಟ್ಟು 20ಯ − 600 + 12ಯ ಅಂತ ಬರೆದರೆ 32ಯ − 600 ಆಗುತ್ತದೆ. ಅಂದರೆ ಬೇಳೆ ಬೆಲ್ಲಕ್ಕೆ ಖರ್ಚು ಮಾಡಿದಷ್ಟೂ ದುಡ್ಡು ಬಂತು ಅಂತ ಅರ್ಥ! ಮೈನಸ್ ಗುರುತು ಬ್ರಾಕೆಟ್ಟಿನ ಒಳಗಿರುವ ಎಲ್ಲದಕ್ಕೂ ತಗಲಬೇಕು. ಸರಿಯಾದ ಲೆಕ್ಕದಲ್ಲಿ 75 ಹೋಳಿಗೆಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದಕ್ಕಿಂತ ಜಾಸ್ತಿ ಮಾರಿದರೆ ಮಾತ್ರ ಕೈಗೆ ಕಾಸು.

ಭಾಗಾಕಾರವೂ ಹೀಗೇ. ಖರ್ಚನ್ನು ಹೋಳಿಗೆಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಹೋಳಿಗೆಗೆ ಬಿದ್ದ ಸರಾಸರಿ ಖರ್ಚು ಸಿಗುತ್ತದೆ: 600/ಯ + 12. ನೂರು ಮಾಡಿದರೆ ತಲಾ 18 ರೂಪಾಯಿ, ಮುನ್ನೂರು ಮಾಡಿದರೆ 14. ಆದರೆ ಒಂದೂ ಮಾಡದ ದಿನ? ಖರ್ಚಿನ ಫಂಕ್ಷನ್‌ಗೆ ಸೊನ್ನೆ ಹಾಕಿದರೆ 600 ಅಂತ ನೆಟ್ಟಗೆ ಉತ್ತರ ಬರುತ್ತದೆ. ಸರಾಸರಿಯ ಫಂಕ್ಷನ್‌ಗೆ ಸೊನ್ನೆ ಹಾಕುವ ಹಾಗೇ ಇಲ್ಲ. ಭಾಗಿಸಿದ ಕೂಡಲೇ ಡೊಮೈನ್‌ನಿಂದ ಒಂದು ಸಂಖ್ಯೆ ಉದುರಿಹೋಯಿತು. ಕೂಡಿಸಲಿ, ಕಳೆಯಲಿ, ಗುಣಿಸಲಿ, ಎರಡೂ ಫಂಕ್ಷನ್‌ಗಳು ಒಪ್ಪುವ ಸಂಖ್ಯೆಗಳು ಮಾತ್ರ ಉಳಿಯುತ್ತವೆ. ಭಾಗಿಸುವಾಗ ಅದರ ಜೊತೆಗೆ ಛೇದ ಸೊನ್ನೆಯಾಗುವ ಜಾಗಗಳನ್ನೂ ತೆಗೆಯಬೇಕು.

ಇನ್ನೊಂದು ಷರತ್ತಿದೆ, ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ಎರಡು ಫಂಕ್ಷನ್ ಕೂಡಿಸಬೇಕಾದರೆ ಎರಡಕ್ಕೂ ಒಳಗೆ ಹೋಗುವ ಸಂಖ್ಯೆ ಒಂದೇ ಆಗಿರಬೇಕು. ಖ ಮತ್ತು ವ ಎರಡಕ್ಕೂ ಹೋಗಿದ್ದು ಹೋಳಿಗೆಗಳ ಸಂಖ್ಯೆ. ಆದರೆ ಆಟೋದಲ್ಲಿ ಬಾಡಿಗೆ ದೂರದ ಮೇಲೆ, ವೇಟಿಂಗ್ ಚಾರ್ಜ್ ನಿಮಿಷಗಳ ಮೇಲೆ. ಕೊನೆಗೆ ಕೊಡುವ ದುಡ್ಡನ್ನು ಕೂಡಿಸಬಹುದು, ನಿಜ. ಆದರೆ ಅವೆರಡನ್ನು ಫ + ಗ ಅಂತ ಕೂಡಿಸಿ ಒಂದೇ ಯ ಇರುವ ಫಂಕ್ಷನ್ ಮಾಡಲಿಕ್ಕೆ ಆಗುವುದಿಲ್ಲ. 5 ಕಿಲೋಮೀಟರಿನ 5 ಬೇರೆ, 5 ನಿಮಿಷದ 5 ಬೇರೆ.

ಒಂದರ ಉತ್ತರ ಇನ್ನೊಂದಕ್ಕೆ

ಈಗ ಆಟೋ ಹತ್ತೋಣ. ಮೊದಲ 2 ಕಿಲೋಮೀಟರಿಗೆ 36, ಆಮೇಲೆ 18ರಂತೆ. ಇದನ್ನು ಸಾಮಾನ್ಯವಾಗಿ ಎರಡು ತುಂಡಾಗಿ ಬರೆಯುತ್ತಾರೆ: ದೂರ 2ರೊಳಗೆ ಇದ್ದರೆ 36, ಮೇಲಿದ್ದರೆ 36 + 18(ಯ − 2). ಎರಡನೆಯದನ್ನು ಬಿಡಿಸಿ ನೋಡಿ. 36 + 18ಯ − 36, ಅಂದರೆ ಬರೀ 18ಯ. ಎರಡು ಕಿಲೋಮೀಟರಿಗೆ 36 ಅಂದರೂ ಕಿಲೋಮೀಟರಿಗೆ 18 ಅಂತಲೇ ಆಯಿತಲ್ಲ! ಹಾಗಾಗಿ ಇಡೀ ನಿಯಮವನ್ನು ಎರಡು ಹೆಜ್ಜೆಯಲ್ಲಿ ಹೇಳಿಬಿಡಬಹುದು. ಹೆಜ್ಜೆ ಒಂದು: ದೂರ 2ಕ್ಕಿಂತ ಕಮ್ಮಿ ಇದ್ದರೆ ಅದನ್ನು 2 ಅಂತ ಇಟ್ಟುಕೋ, ಇಲ್ಲದಿದ್ದರೆ ಹಾಗೇ ಬಿಡು. ಹೆಜ್ಜೆ ಎರಡು: 18ರಿಂದ ಗುಣಿಸು. ರಾತ್ರಿಯಾದರೆ ಮೂರನೆಯ ಹೆಜ್ಜೆ: 1.5ರಿಂದ ಗುಣಿಸು. (ಮೀಟರ್ ತುಸು ತುಸುವೇ ಜಿಗಿಯುತ್ತಾ ಹೋಗುವುದನ್ನು ಸದ್ಯಕ್ಕೆ ಬಿಡೋಣ.)

ಇವು ಮೂರು ಬೇರೆ ಬೇರೆ ಫಂಕ್ಷನ್. ಮೊದಲನೆಯದರ ಉತ್ತರ ಎರಡನೆಯದರ ಒಳಗೆ ಹೋಗುತ್ತದೆ, ಎರಡನೆಯದರ ಉತ್ತರ ಮೂರನೆಯದರ ಒಳಗೆ. ಹೋಳಿಗೆ ಲೆಕ್ಕದಲ್ಲಿ ಎರಡು ಫಂಕ್ಷನ್‌ಗೂ ಒಂದೇ ಯ ಕೊಟ್ಟು ಉತ್ತರಗಳನ್ನು ಜೋಡಿಸಿದ್ದೆವು. ಇಲ್ಲಿ ಮೂಲ ಯ ಕಾಣುವುದು ಮೊದಲ ಫಂಕ್ಷನ್‌ಗೆ ಮಾತ್ರ. ಮಿಕ್ಕವಕ್ಕೆ ಹಿಂದಿನದರಿಂದ ಏನು ಬಂತೋ ಅದೇ ಗತಿ. ಕಾಂಪೋಸಿಷನ್ ಅಂದರೆ ಇಷ್ಟೇ.

ರಾತ್ರಿ 11 ಗಂಟೆಗೆ 5 ಕಿಲೋಮೀಟರ್ ಹೋದಿರಿ. 5 ಹಾಗೇ 5. ಗುಣಿಸು 18, 90. ಗುಣಿಸು ಒಂದೂವರೆ, 135 ರೂಪಾಯಿ.

ಈಗ ಯಾರೋ ಆಟೋ ಆ್ಯಪ್ ಬರೆಯುವವರು ಒಂದೂವರೆಯನ್ನು ಮೊದಲೇ, ದೂರಕ್ಕೇ ಹಾಕಿಬಿಟ್ಟರು ಅಂದುಕೊಳ್ಳಿ. ಗುಣಿಸುವುದು ತಾನೇ, ಯಾವಾಗ ಗುಣಿಸಿದರೇನು? 5 ಹೋಗಿ 7.5 ಆಯಿತು. 2ಕ್ಕಿಂತ ಜಾಸ್ತಿ ಇದೆ, ಹಾಗೇ ಬಿಟ್ಟರು. 18ರಿಂದ ಗುಣಿಸಿದರೆ 135. ಅದೇ ಉತ್ತರ! ಹತ್ತು ಕಿಲೋಮೀಟರಿಗೆ ಪರೀಕ್ಷೆ ಮಾಡಿದರೂ ಅದೇ ಉತ್ತರ. ಸರಿಯಾಗಿದೆ ಅಂತ ಆ್ಯಪ್ ಬಿಡುಗಡೆ ಮಾಡಿದರು.

1 ಕಿಲೋಮೀಟರ್ ಹೋಗುವವರು ಬಂದರು. ನಿಯಮದ ಪ್ರಕಾರ 1 ಹೋಗಿ 2, ಆಮೇಲೆ 36, ಆಮೇಲೆ 54 ರೂಪಾಯಿ. ಆ್ಯಪ್ ಪ್ರಕಾರ 1 ಹೋಗಿ 1.5, ಅದು 2ಕ್ಕಿಂತ ಕಮ್ಮಿ, ಹಾಗಾಗಿ 2, ಆಮೇಲೆ 36 ರೂಪಾಯಿ. ಡ್ರೈವರಣ್ಣನಿಗೆ 18 ರೂಪಾಯಿ ಖೋತಾ.

ಇಡೀ ಪಾಠದಲ್ಲಿ ನನಗೆ ತುಂಬ ಹಿಡಿಸುವ ಜಾಗ ಇದು. 18ರಿಂದ ಗುಣಿಸುವುದು, 1.5ರಿಂದ ಗುಣಿಸುವುದು, ಈ ಎರಡನ್ನು ಹಿಂದುಮುಂದು ಮಾಡಿದರೆ ಏನೂ ಆಗುವುದಿಲ್ಲ. ಆದರೆ ‘ಕನಿಷ್ಠ 2’ ಅನ್ನುವ ಹೆಜ್ಜೆಯನ್ನು ಒಂದೂವರೆಯ ಜೊತೆ ಅದಲುಬದಲು ಮಾಡಿದರೆ ಲೆಕ್ಕ ಕೆಡುತ್ತದೆ. ಅದೂ ಎಲ್ಲ ಕಡೆ ಕೆಡುವುದಿಲ್ಲ, 2 ಕಿಲೋಮೀಟರಿನೊಳಗೆ ಮಾತ್ರ. ಎರಡು ಕ್ರಮದಲ್ಲೂ ಒಂದೇ ಉತ್ತರ ಬಂತು ಅಂತ ಒಂದೆರಡು ಸಂಖ್ಯೆ ಹಾಕಿ ನೋಡಿ ಹೇಳಲಿಕ್ಕೆ ಆಗುವುದಿಲ್ಲ ಅನ್ನುವುದು ಅದಕ್ಕೇ. ಡೊಮೈನ್‌ನಲ್ಲಿ ಇರುವ ಪ್ರತಿಯೊಂದು ಸಂಖ್ಯೆಗೂ ಒಂದೇ ಉತ್ತರ ಬರಬೇಕು.

ಹೋಟೆಲ್ ಬಿಲ್ಲಿನಲ್ಲೂ ಇದೇ ಕಥೆ. 1000 ರೂಪಾಯಿ ಊಟ, 5% ಜಿಎಸ್‌ಟಿ. 10% ರಿಯಾಯಿತಿ ಕೊಟ್ಟರೆ ಮೊದಲು ರಿಯಾಯಿತಿ ಕಳೆದು ತೆರಿಗೆ ಹಾಕಿದರೂ 945, ಮೊದಲು ತೆರಿಗೆ ಹಾಕಿ ಆಮೇಲೆ ಕಳೆದರೂ 945. ಎರಡೂ ಬರೀ ಗುಣಾಕಾರ ತಾನೇ. ಆದರೆ ರಿಯಾಯಿತಿ ‘100 ರೂಪಾಯಿ ಕಮ್ಮಿ’ ಅಂತ ಇದ್ದರೆ? ಕಳೆದು ತೆರಿಗೆ ಹಾಕಿದರೆ 900ರ ಮೇಲೆ 5%, 945. ತೆರಿಗೆ ಹಾಕಿ ಕಳೆದರೆ 1050 − 100, ಅಂದರೆ 950. ಬೀಜಗಣಿತದಲ್ಲಿ ಬರೆದರೆ ಆ 5 ರೂಪಾಯಿ ಎಲ್ಲಿಂದ ಬಂತು ಅಂತ ಕಾಣುತ್ತದೆ:

1.05(ಯ − 100) = 1.05ಯ − 105
1.05ಯ − 100

ಊಟ ಎಷ್ಟಕ್ಕೇ ಮಾಡಿರಲಿ, ವ್ಯತ್ಯಾಸ 5 ರೂಪಾಯಿಯೇ. ಯ ಇರುವ ಭಾಗ ಎರಡರಲ್ಲೂ ಒಂದೇ. ಗಣಿತಕ್ಕೆ ಎರಡು ಕ್ರಮವೂ ಒಪ್ಪಿಗೆ, ಕಾನೂನಿಗಲ್ಲ. ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿಯನ್ನು ಕಳೆದು ಉಳಿದ ಮೊತ್ತಕ್ಕೆ ತೆರಿಗೆ ಹಾಕಬೇಕು ಅಂತ ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಅಂದರೆ ಯಾವ ಫಂಕ್ಷನ್ ಮೊದಲು ಅನ್ನುವುದನ್ನು ಪಾರ್ಲಿಮೆಂಟೇ ತೀರ್ಮಾನ ಮಾಡಿದೆ.

ಬರೆಯುವಾಗ ಬರುವ ಗೊಂದಲ

ಪುಸ್ತಕದಲ್ಲಿ ಕಾಂಪೋಸಿಷನ್‌ಗೆ ಒಂದು ಪುಟ್ಟ ಸೊನ್ನೆ ಹಾಕುತ್ತಾರೆ:

(ಫ ∘ ಗ)(ಯ) = ಫ(ಗ(ಯ))

ಇಲ್ಲಿ ಮೊದಲು ಕೆಲಸ ಮಾಡುವುದು ಗ, ಆಮೇಲೆ ಫ. ಎಡದಿಂದ ಓದುವ ನಮಗೆ ಫ ಮೊದಲು ಕಣ್ಣಿಗೆ ಬೀಳುತ್ತದೆ, ಕೈ ಅದನ್ನೇ ಮೊದಲು ಮಾಡಿಬಿಡುತ್ತದೆ. ಯ ಯಾರ ಪಕ್ಕದಲ್ಲಿ ಕೂತಿದೆ ನೋಡಿ, ಅದೇ ಮೊದಲು. ಬ್ರಾಕೆಟ್ಟುಗಳನ್ನು ಯಾವಾಗಲೂ ಒಳಗಿನಿಂದ ಬಿಡಿಸುತ್ತೇವಲ್ಲ, ಹಾಗೇ.

ಒಂದು ಲೆಕ್ಕ ಮಾಡಿಯೇ ನೋಡೋಣ. ಫ(ಯ) = ಯ² + 1, ಗ(ಯ) = 2ಯ − 3. ಫ ಹೇಳುವುದು ಏನು? ‘ನನ್ನೊಳಗೆ ಏನು ಬಂದರೂ ಅದನ್ನು ವರ್ಗ ಮಾಡಿ ಒಂದು ಸೇರಿಸುತ್ತೇನೆ.’ ಬರುವುದು ಬರೀ ಯ ಆಗಬೇಕಂತಿಲ್ಲ. 2ಯ − 3 ಬಂದರೆ ಅದನ್ನು ಇಡಿಯಾಗಿ ವರ್ಗ ಮಾಡಬೇಕು:

ಫ(ಗ(ಯ)) = (2ಯ − 3)² + 1 = 4ಯ² − 12ಯ + 10

ತಿರುಗಿಸಿದರೆ:

ಗ(ಫ(ಯ)) = 2(ಯ² + 1) − 3 = 2ಯ² − 1

ಎರಡೂ ಬೇರೆ. ಯ ಜಾಗದಲ್ಲಿ 2 ಹಾಕಿ ನೋಡಿ. ಮೊದಲನೆಯದಕ್ಕೆ 2 ಬರುತ್ತದೆ, ಎರಡನೆಯದಕ್ಕೆ 7. ಸೂತ್ರ ಬೇಡ ಅಂದರೆ ಹೆಜ್ಜೆ ಹೆಜ್ಜೆಯಾಗಿಯೂ ಹೋಗಬಹುದು. ಗ ಮೊದಲಾದರೆ 2 ಹೋಗಿ 1, 1 ಹೋಗಿ 2. ಫ ಮೊದಲಾದರೆ 2 ಹೋಗಿ 5, 5 ಹೋಗಿ 7. ಸೂತ್ರ ಬಿಡಿಸಿದ ಮೇಲೆ ಹೀಗೆ ಒಂದು ಸಣ್ಣ ಸಂಖ್ಯೆ ಹಾಕಿ ತಾಳೆ ನೋಡುವುದು ಒಳ್ಳೆಯ ಅಭ್ಯಾಸ. (2ಯ − 3)² ಅನ್ನು ಬಿಡಿಸುವಾಗ ನಡುವಿನ 12ಯ ಮರೆತು 4ಯ² + 9 ಅಂತ ಬರೆದಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಪರೀಕ್ಷೆಯಲ್ಲಿ ಇನ್ನೊಂದು ಅವಾಂತರ ಆಗುತ್ತದೆ. ಗಡಿಬಿಡಿಯಲ್ಲಿ ಸೊನ್ನೆಯನ್ನು ಚುಕ್ಕಿ ಅಂದುಕೊಂಡು ಎರಡನ್ನೂ ಗುಣಿಸಿಬಿಡುವುದು. ಗುಣಿಸಿದರೆ (ಯ² + 1)(2ಯ − 3), ಯ = 2 ಆದಾಗ 5 × 1 = 5. ಅದೇ ಎರಡು ಫಂಕ್ಷನ್, ಅದೇ 2, ಮೂರು ಬೇರೆ ಬೇರೆ ಉತ್ತರ: 2, 7, 5. ಘಾತದ ವರಸೆಯೂ ಬೇರೆ. ಗುಣಿಸಿದಾಗ ಘಾತಗಳು ಕೂಡಿಕೊಳ್ಳುತ್ತವೆ, ಕಾಂಪೋಸಿಷನ್‌ನಲ್ಲಿ ಗುಣಿಸಿಕೊಳ್ಳುತ್ತವೆ. 3ನೇ ಘಾತದ ಬಹುಪದವನ್ನೂ 4ನೇ ಘಾತದ್ದನ್ನೂ ಗುಣಿಸಿದರೆ 7ನೇ ಘಾತ, ಒಂದರೊಳಗೊಂದು ತೂರಿಸಿದರೆ 12ನೇ ಘಾತ.

ಕ್ರಮ ಬದಲಿಸಬಾರದು, ಸರಿ. ಆದರೆ ಮೂರು ಫಂಕ್ಷನ್ ಇದ್ದಾಗ ಯಾವ ಎರಡನ್ನು ಮೊದಲು ಗಂಟುಹಾಕಬೇಕು ಅನ್ನುವುದಕ್ಕೆ ತಕರಾರಿಲ್ಲ. ಆಟೋದಲ್ಲಿ ಕನಿಷ್ಠ ದೂರ ಮತ್ತು 18ನ್ನು ಒಟ್ಟಿಗೆ ‘ಹಗಲಿನ ಬಾಡಿಗೆ’ ಅಂತ ಕರೆದು ಆಮೇಲೆ ಒಂದೂವರೆ ಮಾಡಬಹುದು. ಇಲ್ಲ, 18 ಮತ್ತು 1.5ನ್ನು ಸೇರಿಸಿ ‘ರಾತ್ರಿ ರೇಟು 27’ ಅಂತ ಮೊದಲೇ ಇಟ್ಟುಕೊಳ್ಳಬಹುದು. ಸಾಲು ಬದಲಾಗದಿದ್ದರೆ ಸಾಕು.

ಡೊಮೈನ್ ಅನ್ನುವ ಗುಪ್ತಗಾಮಿನಿ

ಸೂತ್ರ ಬಿಡಿಸುವುದು ಅಭ್ಯಾಸದಿಂದ ಬಂದುಬಿಡುತ್ತದೆ. ಜಾಣ ಮಕ್ಕಳೂ ಮಾರ್ಕ್ಸ್ ಕಳೆದುಕೊಳ್ಳುವುದು ಡೊಮೈನ್‌ನಲ್ಲಿ.

ಫ(ಯ) = 1/ಯ ತೆಗೆದುಕೊಳ್ಳಿ. ಇದನ್ನು ಇದರೊಳಗೇ ಹಾಕಿ. ಒಂದರ ಮೇಲೆ, ಒಂದರ ಮೇಲೆ ಯ. ಬಿಡಿಸಿದರೆ ಯ. ‘ಬರೀ ಯ ತಾನೇ, ಯಾವ ಸಂಖ್ಯೆಯನ್ನಾದರೂ ಹಾಕಬಹುದು’ ಅನ್ನಿಸುತ್ತದೆ. ಸೊನ್ನೆ ಹಾಕಿ ನೋಡಿ. ಮೊದಲ ಹೆಜ್ಜೆಯಲ್ಲೇ 1/0. ಅಲ್ಲಿಗೇ ನಿಂತುಹೋಯಿತು, ಎರಡನೆಯ ಹೆಜ್ಜೆಗೆ ಕೊಡಲು ಕೈಯಲ್ಲಿ ಏನೂ ಇಲ್ಲ. ಸೂತ್ರ ಚಿಕ್ಕದಾದ ಮಾತ್ರಕ್ಕೆ ದಾರಿಯಲ್ಲಿದ್ದ ಹಳ್ಳ ಮುಚ್ಚಿಹೋಗುವುದಿಲ್ಲ. ಹಾಗಾಗಿ ಡೊಮೈನ್ ಹುಡುಕಬೇಕಾದ್ದು ಬಿಡಿಸುವ ಮೊದಲು. ಎರಡು ಪ್ರಶ್ನೆ ಕೇಳಬೇಕು. ಒಳಗಿನ ಫಂಕ್ಷನ್ ಈ ಸಂಖ್ಯೆಯನ್ನು ತೆಗೆದುಕೊಳ್ಳುತ್ತದಾ? ಅದು ಕೊಟ್ಟ ಉತ್ತರವನ್ನು ಹೊರಗಿನ ಫಂಕ್ಷನ್ ತೆಗೆದುಕೊಳ್ಳುತ್ತದಾ?

ವರ್ಗ ಮತ್ತು ವರ್ಗಮೂಲದ ಜೋಡಿಯಲ್ಲಿ ಇದು ಇನ್ನೂ ಮಜವಾಗಿದೆ. ಮೊದಲು ವರ್ಗಮೂಲ, ಆಮೇಲೆ ವರ್ಗ ಮಾಡಿದರೆ ಯ ವಾಪಸ್ ಬರುತ್ತದೆ, ಆದರೆ ಋಣ ಸಂಖ್ಯೆಗಳಿಗೆ ಬಾಗಿಲು ಬಂದ್. ಮೊದಲು ವರ್ಗ, ಆಮೇಲೆ ವರ್ಗಮೂಲ ಮಾಡಿದರೆ ಎಲ್ಲ ಸಂಖ್ಯೆಗಳಿಗೂ ಪ್ರವೇಶ ಇದೆ, ಆದರೆ ಒಳಗೆ ಹೋದ −3 ಹೊರಗೆ ಬರುವಾಗ 3 ಆಗಿರುತ್ತದೆ. −3ರ ವರ್ಗ 9, 9ರ ವರ್ಗಮೂಲ 3. ಮೈನಸ್ ಎಲ್ಲಿ ಹೋಯಿತು? ವರ್ಗ ಮಾಡಿದಾಗಲೇ ಕಳೆದುಹೋಯಿತು, 9ಕ್ಕೆ ತಾನು 3ರಿಂದ ಬಂದೆನೋ −3ರಿಂದ ಬಂದೆನೋ ನೆನಪಿರುವುದಿಲ್ಲ. ಹಾಗಾಗಿ √(ಯ²) ಅಂದರೆ ಯ ಅಲ್ಲ, |ಯ|, ಅಂದರೆ ಮೈನಸ್ ಇದ್ದರೆ ಅದನ್ನು ತೆಗೆದ ಯ. ‘ವರ್ಗಕ್ಕೂ ಮೂಲಕ್ಕೂ ವಜಾ’ ಅಂತ ಗೀಟು ಎಳೆಯುವವರು ಇಲ್ಲಿ ಸ್ವಲ್ಪ ತಡೆದು ನೋಡಬೇಕು.

ಹಿಂದಕ್ಕೆ ಬರುವ ದಾರಿ

ನೆನಪಿರದ ಈ ಸಮಸ್ಯೆ ಆಟೋದಲ್ಲೂ ಇದೆ. ಹಗಲಲ್ಲಿ 90 ರೂಪಾಯಿ ಆಯಿತು ಅಂದರೆ 5 ಕಿಲೋಮೀಟರ್ ಅಂತ ಹೇಳಬಹುದು. 36 ಆಯಿತು ಅಂದರೆ? ಅರ್ಧ ಕಿಲೋಮೀಟರ್ ಇರಬಹುದು, ಒಂದೂಮುಕ್ಕಾಲು ಇರಬಹುದು. ಬೇರೆ ಬೇರೆ ದೂರಕ್ಕೆ ಒಂದೇ ಉತ್ತರ ಕೊಡುವ ಫಂಕ್ಷನ್‌ಗೆ ವಾಪಸ್ ದಾರಿ ಇಲ್ಲ, ಅಂದರೆ ಇನ್‌ವರ್ಸ್ ಇಲ್ಲ. 2 ಕಿಲೋಮೀಟರ್ ಮತ್ತು ಅದರ ಮೇಲಿನ ದೂರಗಳನ್ನಷ್ಟೇ ಡೊಮೈನ್ ಅಂತ ಇಟ್ಟುಕೊಂಡರೆ ಇದೆ.

ದಾರಿ ಇದ್ದಾಗ ಹೆಜ್ಜೆಗಳನ್ನು ಉಲ್ಟಾ ಕ್ರಮದಲ್ಲಿ ಬಿಚ್ಚಬೇಕು. ಜ್ವರದ ಥರ್ಮಾಮೀಟರ್ 98.6 ಫ್ಯಾರನ್‌ಹೀಟ್ ತೋರಿಸುತ್ತಿದೆ. ಸೆಲ್ಸಿಯಸ್‌ಗೆ ತರಲು ಮೊದಲು 32 ಕಳೆ, 66.6. ಆಮೇಲೆ 5/9ರಿಂದ ಗುಣಿಸು, 37. ವಾಪಸ್ ಹೋಗುವಾಗ ಕೊನೆಯಲ್ಲಿ ಮಾಡಿದ್ದನ್ನು ಮೊದಲು ಬಿಚ್ಚು. 37ನ್ನು 9/5ರಿಂದ ಗುಣಿಸಿದರೆ 66.6, 32 ಕೂಡಿಸಿದರೆ 98.6. ಕ್ರಮ ತಪ್ಪಿ ಮೊದಲೇ 32 ಕೂಡಿಸಿದರೆ 69, ಗುಣಿಸಿದರೆ 124.2. ಅಷ್ಟು ಜ್ವರ ಬಂದವರು ಥರ್ಮಾಮೀಟರ್ ನೋಡುವ ಸ್ಥಿತಿಯಲ್ಲಿ ಇರುವುದಿಲ್ಲ. ಸೂತ್ರದಲ್ಲಿ:

(ಫ ∘ ಗ)⁻¹ = ಗ⁻¹ ∘ ಫ⁻¹

ಮೇಲಿರುವ −1 ಘಾತ ಅಲ್ಲ, ‘ವಾಪಸ್’ ಅನ್ನುವ ಗುರುತು. ಅದನ್ನು 1/ಫ ಅಂದುಕೊಂಡರೆ ಮತ್ತೆ ಅಕ್ಕಪಕ್ಕದ ಭಾಗಾಕಾರಕ್ಕೆ ಹೋದಂತೆ.

ಒಂದು ಇಡೀ ಫಂಕ್ಷನ್ ಕೊಟ್ಟು ಅದನ್ನು ತುಂಡು ಮಾಡಿ ಅಂತಲೂ ಕೇಳುತ್ತಾರೆ. √(3ಯ + 1) ಇದೆ ಅಂದುಕೊಳ್ಳಿ. ಕ್ಯಾಲ್ಕುಲೇಟರಿನಲ್ಲಿ 5 ಹಾಕಿ ಇದನ್ನು ಲೆಕ್ಕ ಮಾಡಬೇಕಾದರೆ ಏನೇನು ಒತ್ತುತ್ತೀರಿ? ಮೂರರಿಂದ ಗುಣಿಸಿ 15, ಒಂದು ಕೂಡಿಸಿ 16, ಕೊನೆಗೆ ವರ್ಗಮೂಲ, 4. ಕೊನೆಯಲ್ಲಿ ಒತ್ತಿದ್ದೇ ಹೊರಗಿನ ಫಂಕ್ಷನ್. ದ್ವಿತೀಯ ಪಿಯುಸಿಯ ಕ್ಯಾಲ್ಕುಲಸ್‌ನಲ್ಲಿ ಚೈನ್ ರೂಲ್ (ಒಂದರೊಳಗೊಂದು ಕೂತ ಫಂಕ್ಷನ್‌ಗಳು ಎಷ್ಟು ವೇಗವಾಗಿ ಬದಲಾಗುತ್ತವೆ ಅಂತ ಕಂಡುಹಿಡಿಯುವ ನಿಯಮ) ಬಂದಾಗ ಈ ಕಣ್ಣು ಬೇಕೇ ಬೇಕು. ಹೊರಗಿನದು ಯಾವುದು, ಒಳಗಿನದು ಯಾವುದು ಅಂತ ಗೊತ್ತಾಗದೆ ಚೈನ್ ರೂಲ್ ಹಾಕುವುದು ಸುಮ್ನೆ ಬಾಯಿಪಾಠ ಆಗುತ್ತದೆ.

ಕ್ಯಾಲ್ಕುಲೇಟರ್ ಕೈಯಲ್ಲಿ ಇದ್ದರೆ ಇನ್ನೊಂದು ಆಟ ಇದೆ. ಒಂದೇ ಫಂಕ್ಷನ್ ಅನ್ನು ಅದರೊಳಗೇ ಮತ್ತೆ ಮತ್ತೆ ಹಾಕುವುದು. ಯಾವುದಾದರೂ ಧನ ಸಂಖ್ಯೆ ಹಾಕಿ ವರ್ಗಮೂಲದ ಕೀಲಿಯನ್ನು ಒತ್ತುತ್ತಾ ಹೋಗಿ. 1000 ಇರಲಿ, 0.02 ಇರಲಿ, ಉತ್ತರ 1ರ ಹತ್ತಿರ ಜಾರುತ್ತದೆ. ಇದನ್ನು ಊಹಿಸಬಹುದು. ಈಗ ಸೈಂಟಿಫಿಕ್ ಕ್ಯಾಲ್ಕುಲೇಟರನ್ನು ರೇಡಿಯನ್‌ಗೆ (ಡಿಗ್ರಿಯ ಹಾಗೇ ಕೋನ ಅಳೆಯುವ ಇನ್ನೊಂದು ಅಳತೆ) ಹಾಕಿ, ಯಾವ ಸಂಖ್ಯೆಯಿಂದ ಬೇಕಾದರೂ ಶುರು ಮಾಡಿ ತ್ರಿಕೋನಮಿತಿಯ ಕಾಸ್ (cos) ಕೀಲಿ ಒತ್ತುತ್ತಾ ಹೋಗಿ. ಮೊದಮೊದಲು ಉತ್ತರ ಮೇಲೆ ಕೆಳಗೆ ಜೋಕಾಲಿ ಆಡುತ್ತದೆ, ಆಮೇಲೆ ಆಟ ಕಿರಿದಾಗುತ್ತಾ 0.739085 ಅನ್ನುವಲ್ಲಿ ಕೂತುಬಿಡುತ್ತದೆ. ಆ ಸಂಖ್ಯೆಯ ಕಾಸ್ ಅದೇ ಸಂಖ್ಯೆ, ಹಾಗಾಗಿ ಇನ್ನು ಎಷ್ಟು ಒತ್ತಿದರೂ ಅದು ಅಲ್ಲಾಡುವುದಿಲ್ಲ. ಡಿಗ್ರಿ ಮೋಡ್‌ನಲ್ಲಿ ಮಾಡಿದರೆ 0.99985ರ ಹತ್ತಿರ ನಿಲ್ಲುತ್ತದೆ. ಯಾಕೆ ಅಂದರೆ ಅದು ಬೇರೆಯೇ ಫಂಕ್ಷನ್: ಒಳಗೆ ಬಂದ ಸಂಖ್ಯೆಯನ್ನು ಮೊದಲು ಡಿಗ್ರಿಯಿಂದ ರೇಡಿಯನ್‌ಗೆ ತರುವ ಹೆಜ್ಜೆ, ಆಮೇಲೆ ಕಾಸ್.